ಮನೆಯಲ್ಲಿ ಹಿಡಿಸದ ಮಾತು

ರವಿಕಿರಣನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಕಣ್ಣುಳ್ಳವರನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚು ಬರುತ್ತಿರಲಿಲ್ಲ, ಬೆರಗಾಗುತ್ತಿತ್ತು. ರೋಣದ ಹತ್ತಿರದ ಹಳ್ಳಿಯಲ್ಲಿ ಚಿಕ್ಕವನಿದ್ದಾಗ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ದೂರದಲ್ಲಿ ಯಾರೋ ಬರುವ ಸಪ್ಪಳವಾದರೆ ಕಿವಿ ನಿಮಿರಿಸಿ, ಚಪ್ಪಲಿ ಎಳೆಯುವ ರೀತಿಯಿಂದ ಇವರು ಇಂಥವರೇ ಎಂದು ಗುರುತು ಹಿಡಿಯುತ್ತಿದ್ದ. ಅಷ್ಟು ಹೊತ್ತಿಗೆ ಅಕ್ಕ ದಾಕ್ಷಾಯಣಿ ಹೊಸ್ತಿಲಲ್ಲಿ ನಿಂತೇ, ಮಾವ ಬರಾಕತ್ತಾನ, ಕೈಯಾಗ ಚೀಲ ಐತಿ ಎಂದು ಹೇಳಿ ಒಳಗೆ ಹೋಗಿಬಿಟ್ಟಿರುತ್ತಿದ್ದಳು. ಅವ್ವ ರತ್ನವ್ವ ಮೊರದಲ್ಲಿ ಅಕ್ಕಿ ಹರಡಿದರೆ ಇವನು ಪಕ್ಕದಲ್ಲಿ ಕೂತು ಒಂದೊಂದೇ ಕಾಳನ್ನು ಬೆರಳಿಗೆ ತಗಲಿಸಿ ಹರಳು ಹುಡುಕುತ್ತಿದ್ದ. ಅವಳು ಒಮ್ಮೆ ನೋಡಿ, ಟಕಟಕನೆ ಹರಳು ಹೆಕ್ಕಿ ಎಸೆದು, ಮೊರ ಕೊಡವಿ ಎದ್ದುಬಿಡುತ್ತಿದ್ದಳು. ಅಷ್ಟೂ ಕಾಳು ಒಂದೇ ಸಲಕ್ಕೆ ಒಳಗೆ ಹೋಗುವ ಬಾಗಿಲು ಎಂಥದ್ದಿರಬಹುದು ಎಂದು ಅವನು ಆಗಾಗ ಯೋಚಿಸುತ್ತಿದ್ದ.

ಗೋಡೆಯ ಆಚೆಗಿರುವುದು ಕಣ್ಣಿಗೆ ಕಾಣುವುದಿಲ್ಲ, ಕತ್ತಲಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ ಎಂಬುದು ಬುದ್ಧಿ ಬಂದ ಮೇಲೆ ಗೊತ್ತಾಯಿತು. ಆದರೂ ಕಣ್ಣೆದುರಿಗೆ ಬರೆದಿಟ್ಟದ್ದು ಪೂರಾ ಕಾಣುತ್ತದೆ ಎಂಬ ನಂಬಿಕೆ ಉಳಿಯಿತು. ಅದನ್ನು ಅನುಮಾನಿಸುವ ಸಂದರ್ಭವೇ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಕಣ್ಣಿಲ್ಲದ ಮಕ್ಕಳ ಶಾಲೆಗೆ ಸೇರಿ ಬ್ರೈಲ್ ಕಲಿತ. ದಪ್ಪ ಕಾಗದದ ಮೇಲೆ ಮೊಳೆಯಿಂದ ಚುಚ್ಚಿದ ಚುಕ್ಕಿಗಳು ಬೆರಳಿಗೆ ಎಷ್ಟು ಸಿಕ್ಕವೋ ಅಷ್ಟೇ ಬರಹ. ಅಲ್ಲಿ ಅಡಗಿ ಕೂತದ್ದು ಏನೂ ಇರಲಿಲ್ಲ. ಆಮೇಲೆ ಬೆಂಗಳೂರಿಗೆ ಬಂದು ಕಂಪ್ಯೂಟರ್ ಕಲಿತ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ದನಿ ಕಿವಿಗೆ ಬಂದು ಕೂತಿತು. ಎಕ್ಸೆಲ್ ಶೀಟು ಹೇಳಿಕೊಟ್ಟ ಮೇಷ್ಟ್ರು ಅವನ ಅಂಗೈ ಮೇಲೆ ಅಡ್ಡ ಗೆರೆ, ಉದ್ದ ಗೆರೆ ಎಳೆದು, ಚೌಕಾಬಾರ ಆಡಿದ್ದೀಯಲ್ಲ, ಹಾಗೇ ಮನೆ ಮನೆ ಎಂದರು. ಊರಿನ ಗುಡಿಯ ಕಲ್ಲಿನ ಮೇಲೆ ಕೊರೆದ ಚೌಕಾಬಾರದ ಮನೆಗಳು ಅವನ ಬೆರಳಿಗೆ ಚೆನ್ನಾಗಿ ನೆನಪಿದ್ದವು. ಅಂದಿನಿಂದ ಶೀಟಿನ ಚೌಕಗಳನ್ನು ಅವನು ಮನೆ ಎಂದೇ ಕರೆದ. ಬಾಣದ ಗುರುತಿನ ಕೀ ಒತ್ತಿ ಒಂದು ಮನೆಗೆ ಹೋದರೆ, ಆ ಮನೆಯಲ್ಲಿ ಏನಿದೆಯೋ ಅದನ್ನೆಲ್ಲ ದನಿ ಮೊದಲಿಂದ ಕೊನೆವರೆಗೂ ಓದುತ್ತಿತ್ತು. ಒಂದು ಪದ ಇದ್ದರೆ ಒಂದು ಪದ, ಪುಟದಷ್ಟಿದ್ದರೆ ಪುಟದಷ್ಟು.

ಕೆಲಸ ಸಿಕ್ಕಿದ್ದು ನಾಗಸಂದ್ರದ ಹಿಂದಿನ ರಸ್ತೆಯಲ್ಲಿ, ನೀರೆತ್ತುವ ಮೋಟಾರು ತಯಾರಿಸುವ ಒಂದು ಸಣ್ಣ ಕಂಪನಿಯ ಸರ್ವೀಸ್ ಆಫೀಸಿನಲ್ಲಿ. ಚಿಕ್ಕಬಾಣಾವರದಲ್ಲಿ ಅಕ್ಕ ದಾಕ್ಷಾಯಣಿಯ ಮನೆ. ಭಾವ ಶಿವಪ್ರಕಾಶ ತಾನು ಫ್ಯಾಕ್ಟರಿಗೆ ಹೋಗುವಾಗ ಸ್ಕೂಟರಿನಲ್ಲಿ ಇವನನ್ನು ಆಫೀಸಿನ ಗೇಟಿಗೆ ಇಳಿಸಿ ಹೋಗುತ್ತಿದ್ದ. ಊರೂರಿಂದ ಫೋನ್ ಮಾಡುವವರ ದೂರು ಕೇಳಿ ಶೀಟಿನಲ್ಲಿ ಬರೆಯುವುದು ರವಿಕಿರಣನ ಕೆಲಸ. ಒಂದು ಮನೆಯಲ್ಲಿ ಹೆಸರು, ಪಕ್ಕದಲ್ಲಿ ಊರು, ಅದರ ಪಕ್ಕ ಫೋನ್ ನಂಬರು, ಆಮೇಲೆ ದೂರು, ಅದರಾಚೆ ತಾರೀಕು ಮತ್ತು ಹೋಗಬೇಕಾದ ಮೆಕ್ಯಾನಿಕ್ಕಿನ ಹೆಸರು. ಎದುರು ಟೇಬಲ್ಲಿನಲ್ಲಿ ಕೂರುವ ಶಶಿರೇಖಾ ಅದೇ ಶೀಟನ್ನು ತನ್ನ ಪರದೆಯಲ್ಲಿ ಓದಿ ಮೆಕ್ಯಾನಿಕ್ಕುಗಳಿಗೆ ಹೇಳಿ ಕಳಿಸುತ್ತಿದ್ದಳು. ಅವಳು ಬಾಗಲಗುಂಟೆಯ ಹಳೇ ಮನೆತನದವಳು. ಆ ಕಡೆಯೆಲ್ಲ ಹೊಲವಿದ್ದಾಗಿನಿಂದ ಅಲ್ಲಿರುವವರು. ರವಿಕಿರಣನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಸೇರಿದ ತಿಂಗಳಲ್ಲೇ ಮೇಡಂ ಹೋಗಿ ಅಕ್ಕ ಆಗಿದ್ದಳು.

ಫೋನಿನಲ್ಲಿ ಜನ ಮಾತಾಡುವ ರೀತಿ ಅವನಿಗೆ ಬಹಳ ಹಿಡಿಸಿತ್ತು. ಯಾರೂ ನೇರವಾಗಿ ಮೋಟಾರಿಗೆ ಬರುತ್ತಿರಲಿಲ್ಲ. ಮೊದಲು ನೀರು ಸಣ್ಣಗೆ ಬರುತ್ತಿದೆ ಎನ್ನುವರು, ಆಮೇಲೆ ಮೋಟಾರು ತಂದವರು ಯಾರು, ಸಂಪು ಯಾವಾಗ ಕಟ್ಟಿಸಿದ್ದು, ಮಗಳ ಸೀಮಂತಕ್ಕೆ ನೀರಿಲ್ಲದೆ ಪಟ್ಟ ಪಾಡು ಎಲ್ಲ ಹೇಳಿ, ಇನ್ನೇನು ಫೋನ್ ಇಡಬೇಕು ಅನ್ನುವಾಗ ಒಂದು ಮಾತು ಉದುರಿಸುವರು: ಅದೊಂಥರಾ ಸುಟ್ಟ ವಾಸನೆ ಬರ್ತದೆ. ನಿಜವಾದ ದೂರು ಅದೇ. ಹಾಗಾಗಿ ರವಿಕಿರಣ ಯಾವುದನ್ನೂ ಬಿಡದೆ, ಅವರು ಹೇಳಿದ ಮಾತಿನಲ್ಲೇ ಕನ್ನಡದಲ್ಲಿ ಬರೆಯುತ್ತಿದ್ದ. ಬರೆದು ಮುಗಿಸಿ ಒಮ್ಮೆ ಆ ಮನೆಗೆ ಹಿಂತಿರುಗಿ ಪೂರ್ತಿ ಕೇಳಿ, ಸರಿಯಿದೆ ಎನಿಸಿದ ಮೇಲೆ ಮುಂದಿನ ಕರೆ ಎತ್ತುತ್ತಿದ್ದ. ತಾನು ಬರೆದದ್ದನ್ನು ಶಶಿರೇಖಕ್ಕ ಒಂದೇ ನೋಟಕ್ಕೆ ಅಷ್ಟೂ ಒಳಗೆ ಹಾಕಿಕೊಳ್ಳುತ್ತಾಳೆ, ಅವ್ವ ಅಕ್ಕಿ ನೋಡಿದ ಹಾಗೆ ಎಂದು ಅವನ ಎಣಿಕೆ.

ಆ ಎಣಿಕೆ ತಪ್ಪು ಎಂದು ತಿಳಿದದ್ದು ದೊಡ್ಡಬಳ್ಳಾಪುರದ ಕಡೆಯ ಮುನಿಕೆಂಪಮ್ಮನಿಂದ. ಅವಳು ಅದಾಗಲೇ ಫೋನ್ ಮಾಡಿದ್ದವಳು. ಈ ಸಲ ಸಿಟ್ಟಿರಲಿಲ್ಲ, ಬೇಸರವಿತ್ತು.

“ಅಲ್ಲಪ್ಪಾ, ನಿನ್ ತಾವ ಎಲ್ಲಾನೂ ಏಳಿದ್ನಲ್ಲ. ಬಂದೋನು ಮತ್ತೆ ಮೊದ್ಲಿಂದ ಕೇಳ್ತಾನೆ. ಇಂಗಾದ್ರೆ ಎಂಗೆ? ನೀನು ಬರ್ಕಂಡಿದ್ದು ಯಾರ್ಗೆ?”

ರವಿಕಿರಣ ತಡವರಿಸಿ, ನೋಡಿ ಹೇಳ್ತೀನ್ರೀ ಅಮ್ಮಾ ಎಂದ. ಅವಳ ಸಾಲಿಗೆ ಹೋಗಿ ದೂರಿನ ಮನೆ ಒತ್ತಿದ. ಎಲ್ಲ ಇತ್ತು. ಮೋಟಾರು ಹಾಕಿದ ಕೂಡಲೆ ಗುರ್ ಅನ್ನುವುದು, ಆಮೇಲೆ ನಿಲ್ಲುವುದು, ಕೊನೆಗೆ ಪೈಪು ಸೇರುವಲ್ಲಿ ಕಬ್ಬಿಣ ಸೀಳಿ ನೀರು ಸೋರುವುದು, ಬರುವಾಗ ಆ ತುಂಡು ತರಬೇಕು ಎಂದು ಅವಳು ಹೇಳಿದ್ದು. ದನಿ ಒಂದಕ್ಷರ ಬಿಡದೆ ಓದಿತು. ಅವನು ಎದ್ದು ಎದುರು ಟೇಬಲ್ಲಿಗೆ ಹೋಗಿ, ಆ ಸಾಲನ್ನು ತೆಗೆದು ದೂರು ಓದಿ ಎಂದು ಶಶಿರೇಖಾಳನ್ನು ಕೇಳಿದ.

“ಮೋಟಾರು ಹಾಕಿದ ಕೂಡಲೆ ಗುರ್,” ಎಂದು ಓದಿ ಅವಳು ನಿಲ್ಲಿಸಿದಳು.

“ಮುಂದ?”

“ಮುಂದೆ ಏನಿಲ್ಲ ಕಣೋ. ಅಷ್ಟೇ ಇರೋದು. ಪಕ್ಕದಲ್ಲಿ ತಾರೀಕಿದೆ.”

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಆದರೆ ಅವಳ ದನಿಯಲ್ಲಿ ನಗು ಇರಲಿಲ್ಲ. ಇನ್ನೊಂದು ಸಾಲು ಓದಿಸಿದ, ಮತ್ತೊಂದು ಓದಿಸಿದ. ಪ್ರತಿಯೊಂದೂ ಮೂರು ನಾಲ್ಕು ಪದಕ್ಕೆ ಕಡಿದು ನಿಲ್ಲುತ್ತಿತ್ತು, ಮಾತಾಡುವವರ ಬಾಯಿ ಮೇಲೆ ಯಾರೋ ಕೈ ಇಟ್ಟ ಹಾಗೆ. ಅವನು ತನ್ನ ಹೆಡ್‌ಫೋನಿನ ಪಿನ್ನು ಕಿತ್ತು ಸ್ಪೀಕರಿನಲ್ಲಿ ಅದೇ ಸಾಲು ಓದಿಸಿದ. ದನಿ ಮುನಿಕೆಂಪಮ್ಮನ ಮಾತನ್ನೆಲ್ಲ ಓದುತ್ತಾ ಹೋಯಿತು. ಶಶಿರೇಖಾಳ ಬಳೆ ಸದ್ದು ನಿಂತಿತು. ಆಮೇಲೆ ಅವಳು ಆ ಚೌಕದ ಮೇಲೆ ಮೌಸು ಒತ್ತಿ, ಶೀಟಿನ ನೆತ್ತಿಯ ಮೇಲಿರುವ ಪಟ್ಟಿಯಲ್ಲಿ ಉಳಿದ ಮಾತು ಇದೆ ಎಂದಳು. ಇಷ್ಟು ದಿನ ಆ ಪಟ್ಟಿಯ ಕಡೆ ನಾನು ನೋಡಿದ್ದೇ ಇಲ್ಲ, ನೀನು ಚಿಕ್ಕದಾಗಿ ಬರೀತೀಯ ಅಂದುಕೊಂಡಿದ್ದೆ ಎಂದಳು.

ಬರೆದ ಮಾತು ಇದ್ದೂ ಕಾಣದೆ ಹೋಗುವುದು ಹೇಗೆ ಎಂದು ರವಿಕಿರಣನ ತಲೆಗೆ ಹತ್ತಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಶಶಿರೇಖಾ ಡಬ್ಬಿ ಪಕ್ಕಕ್ಕೆ ಸರಿಸಿ, ನಿನ್ನ ಚುಕ್ಕಿ ಬರಹದಲ್ಲಿ ಒಂದು ಉದ್ದದ ಸಾಲು ಬರೆದು ಕೊಡು ಎಂದಳು. ಅವನು ಬ್ರೈಲ್ ಸ್ಲೇಟು ತೆಗೆದು ಕಾಗದದ ಉದ್ದನೆಯ ಪಟ್ಟಿಯ ಮೇಲೆ ಮುನಿಕೆಂಪಮ್ಮನ ದೂರನ್ನೇ ಚುಚ್ಚಿದ. ಅವಳು ಸ್ವೀಟ್ ಡಬ್ಬಿಯ ರಟ್ಟಿನಲ್ಲಿ ಬೆರಳಗಲದ ಕಿಂಡಿ ಕತ್ತರಿಸಿ, ಪಟ್ಟಿಯನ್ನು ರಟ್ಟಿನ ಕೆಳಗಿಟ್ಟು, ಅವನ ತೋರುಬೆರಳನ್ನು ಹಿಡಿದು ಕಿಂಡಿಯೊಳಗೆ ಇಳಿಸಿದಳು.

ಮೋಟಾರು ಹಾಕಿದ ಕೂಡಲೆ ಗುರ್. ಬೆರಳು ರಟ್ಟಿನ ಅಂಚಿಗೆ ಬಡಿದು ನಿಂತಿತು. ಉಳಿದ ಮಾತೆಲ್ಲ ರಟ್ಟಿನಡಿಯಲ್ಲಿ ಇತ್ತು. ಇದೆ ಎಂಬುದು ಅವನಿಗೆ ಗೊತ್ತು, ತಾನೇ ಚುಚ್ಚಿದ್ದು. ಬೆರಳಿಗೆ ಮಾತ್ರ ಸಿಗಲೊಲ್ಲದು.

“ಇಷ್ಟ ಏನ್ರೀ ಅಕ್ಕಾ, ನಿಮಗ ಕಾಣೋದು?”

“ಇಷ್ಟೇ. ಪಕ್ಕದ ಮನೆ ಖಾಲಿ ಇದ್ರೆ ಇನ್ನಷ್ಟು ಕಾಣುತ್ತೆ,” ಎಂದು ಅವಳು ತಮ್ಮ ಬೀದಿಯ ಕತೆ ಹೇಳಿದಳು. ಬಾಗಲಗುಂಟೆಯಲ್ಲಿ ಅವಳಪ್ಪ ಮುನಿರಾಮಯ್ಯನವರ ಮನೆಯ ಪಕ್ಕ ಒಂದು ಸೈಟು ಬಹಳ ವರ್ಷ ಖಾಲಿ ಇತ್ತು. ಅಪ್ಪ ಅಲ್ಲಿ ರಾಗಿ ಒಣಗಹಾಕುತ್ತಿದ್ದರು, ಸೌದೆ ಒಟ್ಟುತ್ತಿದ್ದರು, ದನ ಕಟ್ಟುತ್ತಿದ್ದರು. ನೋಡಿದವರು ಅದೂ ಇವರದೇ ಜಾಗ ಅಂದುಕೊಳ್ಳುತ್ತಿದ್ದರು. ಸೈಟಿನವರು ಬಂದು ಒಂದು ಸಣ್ಣ ಶೆಡ್ಡು ಹಾಕಿದ್ದೇ ತಡ, ಎಲ್ಲ ಒಳಗೆ ಎಳೆದುಕೊಳ್ಳಬೇಕಾಯಿತು. ಶೀಟಿನಲ್ಲೂ ಹಾಗೇ, ಉದ್ದದ ಮಾತು ಪಕ್ಕದ ಖಾಲಿ ಮನೆಗೆ ಕಾಲು ಚಾಚುತ್ತದೆ. ಅಲ್ಲಿ ಒಂದು ತಾರೀಕು ಬಂದು ಕೂತರೂ ಸಾಕು, ಗಡಿಗೆ ಸರಿಯಾಗಿ ಕಡಿದುಹೋಗುತ್ತದೆ. ಸತ್ತಿರುವುದಿಲ್ಲ, ಒಳಗೇ ಇರುತ್ತದೆ.

ರವಿಕಿರಣ ಊಟ ಮರೆತು ಪಟ್ಟಿಯನ್ನು ರಟ್ಟಿನಡಿ ಮುಂದೆ ಹಿಂದೆ ಸರಿಸುತ್ತಾ ಕೂತ. ಕಿಂಡಿಯಲ್ಲಿ ಮಾತು ಬರುತ್ತಿತ್ತು, ಹೋಗುತ್ತಿತ್ತು. ಕಣ್ಣು ಎಂದರೆ ಎಲ್ಲವನ್ನೂ ಒಮ್ಮೆಗೇ ಒಳಗೆ ಬಿಟ್ಟುಕೊಳ್ಳುವ ಹೆಬ್ಬಾಗಿಲು ಎಂದು ಎಷ್ಟೋ ವರ್ಷದಿಂದ ನಂಬಿದ್ದವನಿಗೆ, ಅದಕ್ಕೂ ಬೆರಳಿನ ಹಾಗೆ ಅಂಚು ಸಿಕ್ಕಿ ನಿಲ್ಲುವುದುಂಟು ಎಂಬುದು ಮೈ ಜುಮ್ಮೆನ್ನಿಸಿತು. ಮೇಲೆಂದುಕೊಂಡದ್ದು ಕೆಳಗಿಳಿಯಿತು ಎಂಬ ಸಂತೋಷವಲ್ಲ ಅದು. ಇದ್ದೂ ಕಾಣದ ಮಾತನ್ನು ಹೊತ್ತುಕೊಂಡು ಈ ಶೀಟು ಇಷ್ಟು ದಿನ ಎಲ್ಲರೆದುರಿಗೆ ತೆರೆದೇ ಇತ್ತಲ್ಲ, ಮುಚ್ಚಿಟ್ಟವರು ಯಾರೂ ಇಲ್ಲವಲ್ಲ ಎಂಬ ವಿಸ್ಮಯ. ಸಂಜೆ ಸ್ಕೂಟರಿನ ಹಿಂದೆ ಕೂತು ಬರುವಾಗ, ಪಕ್ಕದಲ್ಲಿ ಹಾದುಹೋಗುವ ಬಸ್ಸುಗಳ ಸದ್ದು ಕೇಳುತ್ತಾ, ಭಾವನಿಗೆ ಈಗ ಎಷ್ಟು ಕಾಣುತ್ತಿದೆಯೋ ಎಂದು ಅನಿಸಿ ಕೇಳಿಯೇಬಿಟ್ಟ. ಮುಂದಿನ ಲಾರಿಯ ಹಿಂಬದಿ ಬಿಟ್ಟರೆ ಏನೂ ಕಾಣುತ್ತಿಲ್ಲ ಎಂದ ಶಿವಪ್ರಕಾಶ.

ಮರುದಿನದಿಂದ ಅವನಿಗೆ ಒಂದೇ ಗೀಳು. ತಾನು ಕೇಳುವಷ್ಟು ಅವಳಿಗೆ ಕಾಣಬೇಕು. ಕಂಪ್ಯೂಟರ್ ಕಲಿಸಿದ ಮೇಷ್ಟ್ರಿಗೆ ಫೋನ್ ಹಚ್ಚಿದ. ಅವರು ನಕ್ಕು, ನಿಮಗೆ ಬೇಕಾಗುವುದಿಲ್ಲ ಎಂದು ಅದನ್ನು ಪಾಠದಲ್ಲಿ ಬಿಟ್ಟಿದ್ದೆವು ಎಂದರು. ವ್ರ್ಯಾಪ್ ಟೆಕ್ಸ್ಟ್ ಎಂಬ ಒಂದು ಆಜ್ಞೆ ಇದೆ, ಅದನ್ನು ಕೊಟ್ಟರೆ ಉದ್ದದ ಮಾತು ಪಕ್ಕಕ್ಕೆ ಓಡದೆ ತನ್ನ ಮನೆಯೊಳಗೇ ಮಡಚಿಕೊಂಡು ಕೆಳಕ್ಕೆ ಇಳಿಯುತ್ತದೆ, ಮನೆಯ ಎತ್ತರ ತಾನಾಗಿ ಬೆಳೆಯುತ್ತದೆ ಎಂದರು. ಯಾವ ಕೀ ಆದಮೇಲೆ ಯಾವ ಕೀ ಎಂಬುದನ್ನು ಹೇಳಿಸಿಕೊಂಡು, ಮೇಲಿಂದ ಕೆಳಗೆ ದೂರಿನ ಮನೆಗಳಿರುವ ಕಂಬಸಾಲನ್ನು ಪೂರಾ ಹಿಡಿದು ರವಿಕಿರಣ ಆ ಆಜ್ಞೆ ಕೊಟ್ಟ.

ಅವನ ಕಿವಿಗೆ ಏನೂ ಬದಲಾಗಲಿಲ್ಲ. ಅದೇ ದನಿ, ಅದೇ ಮಾತು. ಎದುರು ಟೇಬಲ್ಲಿನಿಂದ ಮಾತ್ರ ಒಂದು ಉದ್ಗಾರ ಬಂತು. ತನಗೆ ಗೊತ್ತೇ ಆಗದಂತೆ ತನ್ನ ಕೈಯಿಂದ ಇನ್ನೊಬ್ಬರ ಎದುರಿಗೆ ಏನೋ ದೊಡ್ಡದು ನಡೆದುಹೋದದ್ದನ್ನು ಅವನು ಆ ದನಿಯಲ್ಲಿ ಕೇಳಿದ. ಏನಾಯ್ತ್ರೀ ಎಂದರೆ ಅವಳು, ಕೋಸಂಬರಿಗೆ ನೆನೆಹಾಕಿದ ಬೇಳೆ ಉಬ್ಬಿದ ಹಾಗೆ ಸಾಲೆಲ್ಲ ಉಬ್ಬಿಬಿಟ್ಟಿತು ಕಣೋ ಎಂದಳು.

ಎಲ್ಲ ಒಂದೇ ಏಟಿಗೆ ಸರಿಹೋಗಲಿಲ್ಲ. ಮನೆ ಇಕ್ಕಟ್ಟಾಗಿದ್ದರಿಂದ ಮಾತು ಎರಡೆರಡು ಪದಕ್ಕೆ ಮಡಚಿ ಏಣಿಯ ಹಾಗೆ ಇಳಿಯುತ್ತಿದೆ ಎಂದಳು. ಅವನು ಅಗಲ ಹೆಚ್ಚಿಸಿದ. ಈಗ ಹೆಸರು, ಊರು ಎಲ್ಲ ಬಾವಿಯ ತಳದಲ್ಲಿ ಬಿದ್ದ ಹಾಗೆ ಕೆಳಗೆ ಕೂತಿವೆ ಎಂದಳು. ಎಲ್ಲವನ್ನೂ ಮೇಲಿನ ಅಂಚಿಗೆ ಏರಿಸುವ ಆಜ್ಞೆ ಹುಡುಕಿ ಕೊಟ್ಟ. ಒಂದು ಮನೆಯೊಳಗೇ ಹೊಸ ಸಾಲು ಶುರುಮಾಡುವ ಉಪಾಯ ಸಿಕ್ಕಿದ ಮೇಲೆ, ಮೆಕ್ಯಾನಿಕ್ ತರಬೇಕಾದದ್ದನ್ನು ಮೊದಲ ಸಾಲಿಗೆ ಇಟ್ಟು, ಕೆಳಗೆ ಜನ ಹೇಳಿದ ಮಾತನ್ನು ಹಾಗೇ ಇಡತೊಡಗಿದ. ಅವನು ಕೀ ಒತ್ತುವುದು, ಅವಳು ನೋಡಿ ಹೇಳುವುದು. ಹೀಗೆ ಕಾಣದವನೊಬ್ಬ, ಕಾಣುವವಳ ಬಾಯಿಂದ ಕೇಳಿ ಕೇಳಿ, ಕಾಣುವ ಒಂದು ಹಾಳೆಯನ್ನು ಕಟ್ಟಿದ.

ಆಫೀಸಿನ ಮುಖ್ಯಸ್ಥ ಚನ್ನಕೇಶವರಿಗೆ ಅದು ಸರಿಬೀಳಲಿಲ್ಲ. ಅವರು ಕೆಟ್ಟವರಲ್ಲ, ಪ್ರತಿ ಸೋಮವಾರ ಆ ಶೀಟನ್ನು ಮಾಲೀಕರಿಗೆ ತೋರಿಸಬೇಕಾದವರು. ಮೊದಲು ಒಂದು ಪರದೆಯಲ್ಲಿ ಅಷ್ಟೊಂದು ದೂರುಗಳು ಗೀಟು ಹೊಡೆದಂತೆ ನಿಲ್ಲುತ್ತಿದ್ದವು, ಈಗ ಒಂದು ಸಾಲು ಗಿಡ್ಡ, ಒಂದು ಉದ್ದ, ಹುತ್ತದ ಹಾಗಿದೆ ಎಂದರು. ಚುಟುಕಾಗಿ ಬರೆದರೆ ಈ ತಾಪತ್ರಯವೇ ಇರುವುದಿಲ್ಲವಲ್ಲ ಎಂದೂ ಹೇಳಿದರು. ಅದರಲ್ಲಿ ನ್ಯಾಯವಿತ್ತು. ರವಿಕಿರಣ ವಾದಿಸಲಿಲ್ಲ. ಚುಟುಕು ಮಾಡುವಾಗ ಯಾವ ಮಾತು ಬಿಡಬೇಕು ಅನ್ನೋದು ನನಗ ಗೊತ್ತಾಗೂದಿಲ್ಲ ಸರ್ ಎಂದಷ್ಟೇ ಅಂದ. ಶನಿವಾರದವರೆಗೆ ಹೀಗೇ ಇರಲಿ, ಆಮೇಲೆ ನೋಡೋಣ ಎಂದು ಅವರು ಒಳಗೆ ಹೋದರು.

ಗುರುವಾರ ಬೆಳಿಗ್ಗೆ ನಡೆದದ್ದು ಇದು. ಆ ಶೀಟಿಗೆ ರವಿಕಿರಣ ಒಬ್ಬನೇ ಬರೆಯುವುದಲ್ಲ. ಊರುಗಳಲ್ಲಿರುವ ಅಂಗಡಿಯವರು ಗಿರಾಕಿಗಳ ವಾಟ್ಸಾಪ್ ಮೆಸೇಜನ್ನು ಓದುವ ಗೋಜಿಗೆ ಹೋಗದೆ ಹಾಗೇ ತಂದು ಅಂಟಿಸುವುದೂ ಉಂಟು. ಆವತ್ತು ನೆಲಮಂಗಲದಾಚೆಯ ಒಂದು ಊರಿನಿಂದ ಚಿಕ್ಕಮಾರಯ್ಯ ಎಂಬುವರ ಮೆಸೇಜು ಬಂದಿತ್ತು. ಶಶಿರೇಖಾ ತನ್ನ ಅಭ್ಯಾಸದಂತೆ ಮೆಲುದನಿಯಲ್ಲಿ ಓದಿಕೊಳ್ಳುತ್ತಿದ್ದಳು. ನೀರು ಸಣ್ಣಗೆ ಬರುತ್ತಿದೆ, ಹೋದ ವರ್ಷವೂ ಹಾಗೇ ಆಗಿತ್ತು, ಆವಾಗ ಬಂದ ಹುಡುಗ ಒಳ್ಳೆಯವನು, ಅವನನ್ನೇ ಕಳಿಸಿ. ಅಲ್ಲಿಂದ ಮುಂದೆ ಅವಳ ದನಿ ನಿಧಾನವಾಯಿತು, ಆಮೇಲೆ ನಿಂತಿತು. ಕುರ್ಚಿ ಹಿಂದಕ್ಕೆ ಸರಿದ ಸದ್ದು. ಫೋನಿನ ಗುಂಡಿಗಳ ಸದ್ದು.

“ಚಿಕ್ಕಮಾರಯ್ಯನೋರಾ? ಮೊದ್ಲು ಮೇನ್ ಸ್ವಿಚ್ ಆಫ್ ಮಾಡಿ. ಫೋನ್ ಇಡಬೇಡಿ, ಹೋಗಿ ಆಫ್ ಮಾಡಿ ಬನ್ನಿ. ಮಕ್ಕಳನ್ನ ನಲ್ಲಿ ಹತ್ರ ಬಿಡಬೇಡಿ.”

ರವಿಕಿರಣ ಬಾಣದ ಕೀ ಒತ್ತುತ್ತಾ ಆ ಸಾಲಿಗೆ ಇಳಿದ. ದನಿ ಓದಿತು. ಹುಡುಗನನ್ನು ಕಳಿಸಿ ಎಂಬುದಾದ ಮೇಲೆ, ಊರಿನ ದಾರಿ ಹೇಳಿದ ಮೇಲೆ, ತೀರಾ ಕೊನೆಗೆ ಬರೆದಿತ್ತು: ಮೊಮ್ಮಕ್ಕಳು ನಲ್ಲಿ ಮುಟ್ಟಿದರೆ ಇರುವೆ ಕಚ್ಚಿದ ಹಾಗಾಗುತ್ತೆ ಅಂತವೆ, ಸ್ನಾನಕ್ಕೆ ಹೋಗದೆ ಇರೋಕೆ ನೆವ ಇರಬೇಕು.

ಮೋಟಾರಿನಿಂದ ಕರೆಂಟು ನೀರಿಗೆ, ನೀರಿನಿಂದ ನಲ್ಲಿಗೆ ಹರಿಯುತ್ತಿತ್ತು. ಮುದುಕರಿಗೆ ಅದು ಮಕ್ಕಳ ತುಂಟತನವಾಗಿ ಕಂಡಿತ್ತು. ಶಶಿರೇಖಾ ಕಿವಿಗೆ ಫೋನ್ ಹಿಡಿದು ನಿಂತೇ ಇದ್ದಳು. ಅವಳ ಉಸಿರಾಟ ಇವನಿಗೆ ಕೇಳುತ್ತಿತ್ತು. ಆಫ್ ಮಾಡಿದೆ ಎಂದು ಅತ್ತ ಕಡೆಯಿಂದ ಬಂದ ಮೇಲೆ ಅವಳು ಕೂತಳು. ಮಧ್ಯಾಹ್ನ ಹೋದ ಮೆಕ್ಯಾನಿಕ್ಕು, ಮೋಟಾರಿನ ವೈರನ್ನು ಇಲಿ ಕಡಿದು ತಾಮ್ರ ಹೊರಗೆ ಬಂದಿತ್ತು, ಭೂಮಿಗೆ ಇಳಿಯಬೇಕಾದ ತಂತಿಯೂ ತುಂಡಾಗಿತ್ತು, ಸರಿಮಾಡಿದ್ದೇನೆ, ಮನೆಯವರೆಲ್ಲ ಚೆನ್ನಾಗಿದ್ದಾರೆ ಎಂದು ಫೋನ್ ಮಾಡಿದ.

ಚನ್ನಕೇಶವರು ವಿಷಯ ತಿಳಿದು ಹೊರಗೆ ಬಂದು ಶಶಿರೇಖಾಳ ಹಿಂದೆ ನಿಂತರು. ಆ ಸಾಲನ್ನು ತಾವೇ ಒಮ್ಮೆ ಕೊನೆಯವರೆಗೂ ಓದಿದರು. ಶೀಟು ನೀಟಾಗಿರಬೇಕೆಂಬ ಮಾತು ಮತ್ತೆ ಎತ್ತಲಿಲ್ಲ. ಸೋಮವಾರ ಮಾಲೀಕರಿಗೆ ತೋರಿಸಲು ಬೇರೆ ಒಂದು ಚಿಕ್ಕ ಶೀಟು ಮಾಡೋಣ, ಇದು ಹೀಗೇ ಇರಲಿ ಎಂದು ರವಿಕಿರಣನ ಭುಜ ಒತ್ತಿ ಹೋದರು. ಕೆಲವು ದಿನಗಳಾದ ಮೇಲೆ ಸ್ಟೋರಿನವರ ಶೀಟು, ಸಾಗಣೆಯವರ ಶೀಟು ಎರಡನ್ನೂ ಅವನ ಹತ್ತಿರವೇ ಸರಿಮಾಡಿಸಿಕೊಂಡರು.

ಒಂದು ಸಂಜೆ ಕರೆಗಳು ಕಡಿಮೆಯಿದ್ದಾಗ ಶಶಿರೇಖಾ ಅವನ ಪಕ್ಕ ಕುರ್ಚಿ ಎಳೆದುಕೊಂಡು, ನಿನಗೆ ಕೇಳುವುದು ಹೇಗಿರುತ್ತೆ, ನನಗೂ ಕೇಳಿಸು ಎಂದಳು. ಹೆಡ್‌ಫೋನ್ ಹಾಕಿಕೊಂಡವಳು ತಕ್ಷಣ ತೆಗೆದಳು. ಅವನು ರೂಢಿ ಮಾಡಿಕೊಂಡ ವೇಗಕ್ಕೆ ಅವಳಿಗೆ ಒಂದು ಪದವೂ ಹತ್ತಲಿಲ್ಲ. ಅವನು ದನಿಯನ್ನು ನಿಧಾನ ಮಾಡಿ ದೂರಿನ ಕಂಬಸಾಲನ್ನು ಮೇಲಿಂದ ಓದಲು ಬಿಟ್ಟ. ಅವಳು ಕಿವಿಗೊಟ್ಟು ಕೂತಳು. ಒಬ್ಬರಾದ ಮೇಲೆ ಒಬ್ಬರು ಬಂದರು: ಮುನಿಕೆಂಪಮ್ಮ, ಸೀಮಂತದ ಮನೆಯವರು, ಸಂಪಿಗೆ ಬಿದ್ದ ಬೆಕ್ಕನ್ನು ಎತ್ತಿದವರು, ಚಿಕ್ಕಮಾರಯ್ಯ.

“ಎಲ್ಲರೂ ಇಲ್ಲೇ ಇದಾರಲ್ಲೋ,” ಎಂದಳು ಕೊನೆಗೆ. “ನಾನು ಬರೀ ಕೆಲಸ ಅಂದ್ಕೊಂಡು ಓದ್ತಿದ್ದೆ.”

ಆಮೇಲೆ ಅವಳು ಅವನ ಬೆರಳು ಹಿಡಿದು ಪರದೆಯ ಗಾಜಿನ ಮೇಲೆ ಇಟ್ಟಳು. ಇಲ್ಲಿಂದ ಇಲ್ಲಿಗೆ ಮುನಿಕೆಂಪಮ್ಮ ಎಂದು ಎಳೆದಳು. ಇದು ಗಿಡ್ಡದ ಸಾಲು, ಯಾರೋ ಬರೀ ಮೋಟಾರು ಕೆಟ್ಟಿದೆ ಎಂದು ಫೋನ್ ಇಟ್ಟವರು. ಇದು ಚಿಕ್ಕಮಾರಯ್ಯ, ಬೆರಳು ಇಳಿಯಿತು, ಇಳಿಯಿತು, ಗಾಜಿನ ಅರ್ಧಕ್ಕೂ ಕೆಳಗೆ ಹೋಯಿತು. ಅವರ ಮೊಮ್ಮಕ್ಕಳು ಎಲ್ಲಿದ್ದಾರೆ ಎಂದು ಅವನು ಕೇಳಿದ. ಅವಳು ಬೆರಳನ್ನು ಇನ್ನೊಂದಿಷ್ಟು ಕೆಳಗಿಳಿಸಿ ನಿಲ್ಲಿಸಿದಳು. ಗಾಜು ನುಣ್ಣಗೆ, ಸ್ವಲ್ಪ ಬೆಚ್ಚಗೆ ಇತ್ತು. ಒಂದು ಗೆರೆಯಿಲ್ಲ, ಒಂದು ಚುಕ್ಕಿಯಿಲ್ಲ. ಆದರೂ ಆ ಜಾಗದಲ್ಲಿ ಮಾತಿದೆ, ಈಗ ಅದು ಅವಳಿಗೆ ಕಾಣುತ್ತಿದೆ ಎಂದು ತಿಳಿದು ರವಿಕಿರಣ ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತ.